ತರಬೇತುದಾರನ ಬದಲಾವಣೆ: ಲಾಭವೆಷ್ಟು, ನಷ್ಟವೆಷ್ಟು?

ವ್ಯಾಪಾರ ಇಳಿಮುಖವಾದಾಗ ಮಾಲೀಕನ ದೃಷ್ಟಿ ಮೊದಲು ಹೋಗುವುದು ವ್ಯವಸ್ಥಾಪಕನ ಕಡೆಗೆ. ತಂಡ ಸೋತಾಗ ಆಡಳಿತ ಮಂಡಳಿಯ ದೃಷ್ಟಿ ಹೋಗುವುದು ತರಬೇತುದಾರನ ಕಡೆಗೆ. ಹನ್ನೊಂದು ಆಟಗಾರರನ್ನು ಒಮ್ಮೆಗೇ ಬದಲಿಸಲಾಗದು, ಒಬ್ಬ ತರಬೇತುದಾರನನ್ನು ಬದಲಿಸಬಹುದು. ಈ ಸುಲಭತೆಯೇ ನಿರ್ಧಾರಕ್ಕೆ ಕಾರಣವಾಗುವುದುಂಟು. ಸುಲಭವಾದ ನಿರ್ಧಾರ ಸರಿಯಾದ ನಿರ್ಧಾರವೂ ಹೌದೇ, ಅದಕ್ಕೆ ತೆರುವ ಬೆಲೆ ಎಷ್ಟು ಎಂಬುದು ಕ್ರೀಡಾಭಿಮಾನಿಗಳಷ್ಟೇ ಅಲ್ಲದೆ ವರ್ತಕರು ಹಾಗೂ ಸಣ್ಣ ಉದ್ದಿಮೆದಾರರೂ ವಿಚಾರ ಮಾಡಬೇಕಾದ ವಿಷಯವಾಗಿದೆ.

ಭಾರತದ ರಾಷ್ಟ್ರೀಯ ಫುಟ್‌ಬಾಲ್ ತಂಡವು 2024ರ ಜೂನ್‌ನಿಂದ 2025ರ ಆಗಸ್ಟ್‌ವರೆಗಿನ ಸುಮಾರು ಹದಿನಾಲ್ಕು ತಿಂಗಳಲ್ಲಿ ಮೂವರು ಮುಖ್ಯ ತರಬೇತುದಾರರನ್ನು ಕಂಡಿತು. ಖಾಸಗಿ ಸಂಸ್ಥೆಯೊಂದು ತನ್ನ ವ್ಯವಸ್ಥಾಪಕನನ್ನು ಕೈಬಿಟ್ಟಾಗ ಆ ವ್ಯವಹಾರದ ಅಂಕಿಗಳು ಹೊರಗೆ ಬರುವುದು ವಿರಳ. ಇಲ್ಲಿ ಮಾತ್ರ ವೇತನ, ಒಪ್ಪಂದ, ಪರಿಹಾರ ಎಲ್ಲವೂ ಸಾರ್ವಜನಿಕ ಚರ್ಚೆಗೆ ಬಂದವು. ಆದುದರಿಂದ ಈ ಪ್ರಕರಣವನ್ನು ಲೆಕ್ಕಪುಸ್ತಕದಂತೆ ತೆರೆದು ಓದಲು ಅವಕಾಶವಿದೆ.

ನಾಲ್ವರ ಅವಧಿಯ ಲೆಕ್ಕ

ಫಿಫಾ ಶ್ರೇಯಾಂಕವನ್ನು ಅಳತೆಗೋಲಾಗಿ ಇಟ್ಟುಕೊಂಡರೆ ಭಾರತ ತಂಡದ ಇತ್ತೀಚಿನ ಹತ್ತು ವರ್ಷಗಳ ಚಿತ್ರ ಹೀಗಿದೆ.

ಸ್ಟೀಫನ್ ಕಾನ್‌ಸ್ಟಂಟೈನ್ (ಇಂಗ್ಲೆಂಡ್), 2015ರಿಂದ 2019ರ ಜನವರಿ: 2015ರ ಮಾರ್ಚ್‌ನಲ್ಲಿ 173ನೇ ಸ್ಥಾನ, 2017ರ ಜುಲೈನಲ್ಲಿ 96ನೇ ಸ್ಥಾನ. 2019ರ ಏಷ್ಯಾ ಕಪ್‌ನಲ್ಲಿ ಥಾಯ್ಲೆಂಡ್ ವಿರುದ್ಧ 4–1ರ ಜಯ, ಗುಂಪು ಹಂತದಲ್ಲೇ ನಿರ್ಗಮನ, ತರಬೇತುದಾರರ ರಾಜೀನಾಮೆ.

ಇಗೊರ್ ಸ್ಟಿಮಾಚ್ (ಕ್ರೊಯೇಷಿಯಾ), 2019ರ ಮೇ ತಿಂಗಳಿಂದ 2024ರ ಜೂನ್: ಆರಂಭದಲ್ಲಿ 101, 2023ರ ಜುಲೈನಲ್ಲಿ 99, ಕೊನೆಗೆ 124.

ಮನೊಲೊ ಮಾರ್ಕ್ವೆಜ್ (ಸ್ಪೇನ್), 2024ರ ಜುಲೈನಿಂದ 2025ರ ಜುಲೈ: 124ರಿಂದ 133. ಎಂಟು ಪಂದ್ಯಗಳಲ್ಲಿ ಒಂದು ಜಯ, ನಾಲ್ಕು ಸಮ, ಮೂರು ಸೋಲು.

ಖಾಲಿದ್ ಜಮೀಲ್ (ಭಾರತ), 2025ರ ಆಗಸ್ಟ್‌ನಲ್ಲಿ ನೇಮಕ: ಆ ವರ್ಷದ ನವೆಂಬರ್ ವೇಳೆಗೆ 142.

ಈ ಅಂಕಿಗಳನ್ನು ಓದುವಾಗ ಒಂದು ಎಚ್ಚರಿಕೆ ಅಗತ್ಯ. ಫಿಫಾ ಸಂಸ್ಥೆಯು 2018ರಲ್ಲಿ ಶ್ರೇಯಾಂಕ ಲೆಕ್ಕಹಾಕುವ ವಿಧಾನವನ್ನೇ ಬದಲಿಸಿತು. ಲೆಕ್ಕಪದ್ಧತಿ ಬದಲಾದ ಸಂಸ್ಥೆಯ ಎರಡು ವರ್ಷದ ಲಾಭವನ್ನು ನೇರವಾಗಿ ಹೋಲಿಸಲಾಗದಂತೆ, 2017ರ 96ನೇ ಸ್ಥಾನವನ್ನೂ 2023ರ 99ನೇ ಸ್ಥಾನವನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು. ಆದರೆ 2023ರ ನಂತರದ ಅಂಕಿಗಳು ಒಂದೇ ಪದ್ಧತಿಯವು. ಅವು ಹೇಳುವ ಸಂಗತಿ ಸ್ಪಷ್ಟವಾಗಿದೆ: 99, 124, 133, 142. ತರಬೇತುದಾರರು ಬದಲಾದರು, ಕ್ರೊಯೇಷಿಯಾದವರ ಬದಲಿಗೆ ಸ್ಪೇನ್‌ನವರು, ಸ್ಪೇನ್‌ನವರ ಬದಲಿಗೆ ಸ್ವದೇಶದವರು ಬಂದರು. ಇಳಿಕೆ ಮಾತ್ರ ನಿಲ್ಲಲಿಲ್ಲ. ಒಂದು ಖರ್ಚಿನ ಬಾಬನ್ನು ಎರಡು ಬಾರಿ ಬದಲಿಸಿದರೂ ನಷ್ಟ ಮುಂದುವರಿದರೆ, ನಷ್ಟದ ಮೂಲ ಆ ಬಾಬಿನಲ್ಲಿ ಮಾತ್ರ ಇಲ್ಲವೆಂದು ಲೆಕ್ಕಪರಿಶೋಧಕನು ತಿಳಿಯುತ್ತಾನೆ.

ಒಪ್ಪಂದದಲ್ಲಿ ಇಲ್ಲದ ಒಂದು ಷರತ್ತಿನ ಬೆಲೆ

2023ನೇ ವರ್ಷ ಭಾರತೀಯ ಫುಟ್‌ಬಾಲ್‌ಗೆ ಶುಭವಾಗಿ ಕಂಡಿತ್ತು. ಮಾರ್ಚ್‌ನಲ್ಲಿ ಇಂಫಾಲದ ತ್ರಿಕೋನ ಸರಣಿ, ಜೂನ್‌ನಲ್ಲಿ ಭುವನೇಶ್ವರದ ಇಂಟರ್‌ಕಾಂಟಿನೆಂಟಲ್ ಕಪ್, ಜುಲೈ 4ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಕುವೈತ್ ತಂಡವನ್ನು ಪೆನಾಲ್ಟಿ ಶೂಟೌಟ್‌ನಲ್ಲಿ ಸೋಲಿಸಿ ಸ್ಯಾಫ್ ಚಾಂಪಿಯನ್‌ಷಿಪ್, ಹೀಗೆ ಮೂರು ಪ್ರಶಸ್ತಿಗಳು ಬಂದವು. ಈ ಸಂಭ್ರಮದ ಬೆನ್ನಿಗೇ, ಅಕ್ಟೋಬರ್‌ನಲ್ಲಿ, ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ (ಎಐಎಫ್‌ಎಫ್) ಸ್ಟಿಮಾಚ್ ಅವರ ಅವಧಿಯನ್ನು 2026ರವರೆಗೆ ವಿಸ್ತರಿಸಿತು. ಏಷ್ಯಾ ಕಪ್ ಪಂದ್ಯಾವಳಿಗೆ ಆಗ ಕೇವಲ ಮೂರು ತಿಂಗಳು ಬಾಕಿ ಇತ್ತು. ಪೇಟೆಯ ಭಾಷೆಯಲ್ಲಿ ಹೇಳುವುದಾದರೆ, ಧಾರಣೆ ಏರಿದಾಗ ಮಾಲು ಖರೀದಿಸಿದಂತೆ ಇದಾಯಿತು.

2024ರ ಜನವರಿಯಲ್ಲಿ ಕತಾರ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಭಾರತವು ಆಸ್ಟ್ರೇಲಿಯಾಕ್ಕೆ 0–2, ಉಜ್ಬೇಕಿಸ್ತಾನಕ್ಕೆ 0–3, ಸಿರಿಯಾಕ್ಕೆ 0–1ರಿಂದ ಸೋತು, ಒಂದೂ ಗೋಲು ಗಳಿಸದೆ ಹಿಂದಿರುಗಿತು. ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಮಾರ್ಚ್ 26ರಂದು ಗುವಾಹಟಿಯಲ್ಲಿ, ಶ್ರೇಯಾಂಕದಲ್ಲಿ 158ನೇ ಸ್ಥಾನದಲ್ಲಿದ್ದ ಅಫ್ಗಾನಿಸ್ತಾನದ ಎದುರು 1–2ರಿಂದ ಸೋತಿತು. ತಂಡವನ್ನು ಮೂರನೇ ಸುತ್ತಿಗೆ ಒಯ್ಯದಿದ್ದರೆ ತಾವೇ ಹೊರಹೋಗುವುದಾಗಿ ಸ್ಟಿಮಾಚ್ ಆ ದಿನಗಳಲ್ಲಿ ಮಾಧ್ಯಮಗಳ ಮುಂದೆ ಹೇಳಿದ್ದರು. ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಗೋಲಿಲ್ಲದ ಸಮಬಲ, ಜೂನ್ 11ರಂದು ದೋಹಾದಲ್ಲಿ ಕತಾರ್ ವಿರುದ್ಧ 1–2ರ ಸೋಲು. ಮೂರನೇ ಸುತ್ತಿನ ಬಾಗಿಲು ಮುಚ್ಚಿತು; ರಾಜೀನಾಮೆ ಬರಲಿಲ್ಲ. ಜೂನ್ 17ರಂದು ಫೆಡರೇಷನ್ ಅವರನ್ನು ವಜಾಗೊಳಿಸಿತು. ಈ ನಿರ್ಧಾರ ಕೈಗೊಂಡ ಸಭೆಯಲ್ಲಿ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷರೂ ಫೆಡರೇಷನ್‌ನ ಆಗಿನ ಉಪಾಧ್ಯಕ್ಷರೂ ಆಗಿದ್ದ ಎನ್.ಎ. ಹ್ಯಾರಿಸ್ ಅವರೂ ಭಾಗವಹಿಸಿದ್ದರು.

ವಿವಾದ ಆರಂಭವಾದದ್ದು ಅದರ ನಂತರ. ಫೆಡರೇಷನ್ ಮೂರು ತಿಂಗಳ ವೇತನವನ್ನು ಪರಿಹಾರವಾಗಿ ಮುಂದಿಟ್ಟಿತು. ತರಬೇತುದಾರರು ಉಳಿದ ಅವಧಿಯ ವೇತನವನ್ನು ಕೇಳಿದರು ಮತ್ತು ಫಿಫಾ ನ್ಯಾಯಮಂಡಳಿಗೆ ಹೋಗುವುದಾಗಿ ತಿಳಿಸಿದರು. ತನ್ನ ಹಿತ ಕಾಯುವ ಮುಕ್ತಾಯದ ಷರತ್ತು ಒಪ್ಪಂದದಲ್ಲಿ ಸೇರಿರಲಿಲ್ಲವೆಂದು ಫೆಡರೇಷನ್ ತಾನೇ ಪ್ರಕಟಣೆಯಲ್ಲಿ ಹೇಳಿತು. ಫಿಫಾ ನಿಯಮಗಳ ಪ್ರಕಾರ, ನ್ಯಾಯವಾದ ಕಾರಣವಿಲ್ಲದೆ ತರಬೇತುದಾರನನ್ನು ತೆಗೆದರೆ, ಒಪ್ಪಂದದಲ್ಲಿ ಬೇರೆ ಷರತ್ತು ಇಲ್ಲದಿದ್ದಲ್ಲಿ, ಉಳಿದ ಅವಧಿಯ ವೇತನವೇ ಪರಿಹಾರದ ಆಧಾರ. ಆ ಅವಧಿಯಲ್ಲಿ ಆತನಿಗೆ ಬೇರೆ ಕೆಲಸ ದೊರೆತರೆ ಅದರ ವೇತನವನ್ನು ಕಳೆಯಲಾಗುತ್ತದೆ. ಪಂದ್ಯ ಸೋತದ್ದೊಂದೇ ನ್ಯಾಯವಾದ ಕಾರಣವೆಂದು ಕ್ರೀಡಾ ನ್ಯಾಯಮಂಡಳಿಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಕೊನೆಗೆ ಸುಮಾರು 4 ಲಕ್ಷ ಅಮೆರಿಕನ್ ಡಾಲರ್‌ಗೆ, ಅಂದರೆ ಆಗಿನ ದರದಲ್ಲಿ ಸುಮಾರು 3.36 ಕೋಟಿ ರೂಪಾಯಿಗೆ, ರಾಜಿಯಾಯಿತೆಂದು ವರದಿಯಾಯಿತು.

ಇಲ್ಲಿ ಒಂದು ಸರಳ ಲೆಕ್ಕ ಮಾಡಬಹುದು. ಫೆಡರೇಷನ್ ತಿಳಿಸಿದ ಮಾಸಿಕ ವೇತನ 30,000 ಡಾಲರ್. ಮೂರು ತಿಂಗಳ ನೋಟಿಸ್ ವೇತನದ ಷರತ್ತು ಕರಾರಿನಲ್ಲಿ ಇದ್ದಿದ್ದರೆ ಹೊಣೆ 90,000 ಡಾಲರ್‌ಗೆ ಸೀಮಿತವಾಗುತ್ತಿತ್ತು. ರಾಜಿಯ ಮೊತ್ತದಿಂದ ಅದನ್ನು ಕಳೆದರೆ 3,10,000 ಡಾಲರ್ ಉಳಿಯುತ್ತದೆ. ಡಾಲರ್‌ಗೆ 84 ರೂಪಾಯಿಯಂತೆ ಇದು ಸುಮಾರು 2.60 ಕೋಟಿ ರೂಪಾಯಿ. ಕರಾರಿನಲ್ಲಿ ಬರೆಯದೆ ಬಿಟ್ಟ ಒಂದು ಷರತ್ತಿನ ಬೆಲೆ ಇಷ್ಟು. ಈ ನಷ್ಟ ಖಾತೆಯಲ್ಲಿ ಕಾಣಿಸಿಕೊಂಡದ್ದು 2024ರಲ್ಲಿ. ಆದರೆ ಅದು ಉಂಟಾದದ್ದು ವಿಸ್ತರಣೆಗೆ ಸಹಿ ಬಿದ್ದ ದಿನ. ಬಾಯಿಮಾತಿನಲ್ಲಿ ಕೊಟ್ಟ ರಾಜೀನಾಮೆಯ ಭರವಸೆಗೆ ಕಾಗದದ ಮೇಲೆ ಯಾವ ಬೆಲೆಯೂ ಇರಲಿಲ್ಲವೆಂಬುದನ್ನೂ ಗಮನಿಸಬೇಕು.

ಬದಲಾವಣೆ ಯಾವಾಗ ಫಲ ಕೊಡುತ್ತದೆ?

ತರಬೇತುದಾರನನ್ನು ಎಂದಿಗೂ ಬದಲಿಸಬಾರದೆಂಬುದು ಇದರ ಅರ್ಥವಲ್ಲ. ಭಾರತವು ಏಷ್ಯಾ ಕಪ್‌ನಲ್ಲಿ ಸೋಲುತ್ತಿದ್ದ ಅದೇ 2024ರ ಜನವರಿಯಲ್ಲಿ, ಆಫ್ರಿಕಾ ಖಂಡದ ಕಪ್ ಪಂದ್ಯಾವಳಿಯ ಆತಿಥೇಯ ಐವರಿ ಕೋಸ್ಟ್ ಗುಂಪು ಹಂತದಲ್ಲಿ ಈಕ್ವಟೋರಿಯಲ್ ಗಿನಿಗೆ 0–4ರಿಂದ ಸೋತಿತು. ತರಬೇತುದಾರ ಜಾನ್ ಲೂಯಿ ಗಾಸೆ ಅವರನ್ನು ಪಂದ್ಯಾವಳಿಯ ನಡುವೆಯೇ ಬಿಡುಗಡೆ ಮಾಡಿ, ಸಹಾಯಕರಾಗಿದ್ದ ಎಮರ್ಸ್ ಫಯೆ ಅವರಿಗೆ ಹೊಣೆ ವಹಿಸಲಾಯಿತು. ಫೆಬ್ರವರಿ 11ರಂದು ನೈಜೀರಿಯಾವನ್ನು 2–1ರಿಂದ ಸೋಲಿಸಿ ಅದೇ ತಂಡ ಕಪ್ ಗೆದ್ದಿತು. ಇದಕ್ಕೆ ಪ್ರತಿಯಾಗಿ, 2018ರಲ್ಲಿ ಸ್ಪೇನ್ ವಿಶ್ವಕಪ್‌ನ ಆರಂಭಕ್ಕೆ ಮುನ್ನಾದಿನ ಜುಲೆನ್ ಲೊಪೆಟೆಗಿ ಅವರನ್ನು ತೆಗೆದು ಫರ್ನಾಂಡೊ ಹಿಯೆರೊ ಅವರನ್ನು ನೇಮಿಸಿತು. ಹದಿನಾರರ ಘಟ್ಟದಲ್ಲಿ ಆತಿಥೇಯ ರಷ್ಯಾ ಎದುರು ಪೆನಾಲ್ಟಿಗಳಲ್ಲಿ ಸೋತು ಮನೆಗೆ ಮರಳಿತು.

ಒಂದೊಂದು ಉದಾಹರಣೆಯಿಂದ ತೀರ್ಮಾನಕ್ಕೆ ಬರುವುದು ಅಪಾಯಕರ. ನೆದರ್ಲೆಂಡ್ಸ್‌ನ ಅರ್ಥಶಾಸ್ತ್ರಜ್ಞ ಬಾಸ್ ಟರ್ ವೀಲ್ ತಮ್ಮ ದೇಶದ ಲೀಗ್‌ನಲ್ಲಿ 1986ರಿಂದ 2004ರವರೆಗೆ ನಡೆದ ತರಬೇತುದಾರರ ಬದಲಾವಣೆಗಳನ್ನು ಅಧ್ಯಯನ ಮಾಡಿದರು. ಸತತವಾಗಿ ಸೋತು ತರಬೇತುದಾರನನ್ನು ತೆಗೆದ ತಂಡಗಳನ್ನು, ಅಷ್ಟೇ ಸೋತರೂ ತೆಗೆಯದೆ ಉಳಿಸಿಕೊಂಡ ತಂಡಗಳೊಂದಿಗೆ ಅವರು ಹೋಲಿಸಿದರು. ಎರಡೂ ಬಗೆಯ ತಂಡಗಳು ಕೆಲವು ಪಂದ್ಯಗಳ ನಂತರ ಚೇತರಿಸಿಕೊಂಡವು. ತೆಗೆದವರಿಗೆ ವಿಶೇಷ ಲಾಭವೇನೂ ಕಾಣಲಿಲ್ಲ. ತೀರಾ ಕೆಳಗಿಳಿದ ಫಲಿತಾಂಶ ಬಹುತೇಕ ತನ್ನಷ್ಟಕ್ಕೆ ಸರಾಸರಿಯ ಕಡೆಗೆ ಬರುತ್ತದೆ. ಆ ಚೇತರಿಕೆಯ ಕೀರ್ತಿ ಹೊಸಬನ ಖಾತೆಗೆ ಜಮೆಯಾಗುತ್ತದೆ.

ಐವರಿ ಕೋಸ್ಟ್‌ನ ಬದಲಾವಣೆ ಫಲಿಸಿದ್ದೇಕೆ ಎಂಬುದಕ್ಕೆ ಉತ್ತರ ಆ ತಂಡದ ಆಟಗಾರರಲ್ಲಿದೆ. ಅವರಲ್ಲಿ ಹಲವರು ಯುರೋಪಿನ ಪ್ರಮುಖ ಲೀಗ್‌ಗಳಲ್ಲಿ ವರ್ಷವಿಡೀ ಆಡುವವರು. ಸರಕು ಉತ್ತಮವಾಗಿದ್ದು ನಿರ್ವಹಣೆ ಕೆಟ್ಟಿದ್ದರೆ ನಿರ್ವಾಹಕನ ಬದಲಾವಣೆ ಬೇಗನೆ ಫಲ ಕೊಡುತ್ತದೆ. ಸರಕಿನಲ್ಲೇ ಕೊರತೆ ಇದ್ದರೆ ಯಾವ ನಿರ್ವಾಹಕ ಬಂದರೂ ಫಲಿತಾಂಶ ಅಷ್ಟೇ.

ಭಾರತದ ಸರಕಿನ ಸ್ಥಿತಿ

ಭಾರತ ತಂಡದ ಮುಖ್ಯ ಕೊರತೆ ಗೋಲು ಗಳಿಸುವ ಮುಂಚೂಣಿ ಆಟಗಾರನದು. ಬೆಂಗಳೂರು ಎಫ್‌ಸಿ ತಂಡದ ಸುನಿಲ್ ಚೆಟ್ರಿ 94 ಗೋಲುಗಳೊಂದಿಗೆ 2024ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಆಟಕ್ಕೆ ವಿದಾಯ ಹೇಳಿದರು. ಒಂಬತ್ತು ತಿಂಗಳ ನಂತರ, 40 ವರ್ಷ ವಯಸ್ಸಿನಲ್ಲಿ, ಅವರನ್ನೇ ಮರಳಿ ಕರೆಯಬೇಕಾಯಿತು. 2024–25ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಋತುವಿನಲ್ಲಿ 14 ಗೋಲು ಹೊಡೆದು ಭಾರತೀಯರ ಪೈಕಿ ಮೊದಲ ಸ್ಥಾನದಲ್ಲಿ ಇದ್ದವರೂ ಅವರೇ. ಲೀಗ್‌ನ ಕ್ಲಬ್‌ಗಳು ಆ ಸ್ಥಾನಕ್ಕೆ ಹೆಚ್ಚಾಗಿ ವಿದೇಶಿ ಆಟಗಾರರನ್ನೇ ಇಳಿಸುವುದರಿಂದ ಸ್ಥಳೀಯರಿಗೆ ಅಲ್ಲಿ ಆಡಿ ಪಳಗುವ ಅವಕಾಶ ಕಡಿಮೆ. ರಾಷ್ಟ್ರೀಯ ತರಬೇತುದಾರನಿಗೆ ಆಟಗಾರರು ಸಿಗುವುದೂ ಕೆಲವೇ ದಿನಗಳ ಮಟ್ಟಿಗೆ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟಕ್ಕೆ ತಂಡ ತಲುಪಿದ್ದು ಮೊದಲ ಪಂದ್ಯದ ಹಿಂದಿನ ದಿನ. ಮರುದಿನ ಚೀನಾ ಎದುರು 1–5ರ ಸೋಲು ಕಾದಿತ್ತು.

ಖಾಲಿದ್ ಜಮೀಲ್ ಅಧಿಕಾರ ವಹಿಸಿಕೊಂಡಾಗ ಪರಿಸ್ಥಿತಿ ಇನ್ನೂ ಬಿಗಡಾಯಿಸಿತ್ತು. ಫೆಡರೇಷನ್ ತನ್ನ ವಾಣಿಜ್ಯ ಹಕ್ಕುಗಳನ್ನು 2010ರಲ್ಲಿ ಹದಿನೈದು ವರ್ಷಗಳಿಗೆ ಒಪ್ಪಿಸಿದ್ದ ಕರಾರು 2025ರ ಡಿಸೆಂಬರ್‌ನಲ್ಲಿ ಮುಗಿಯುವುದಿತ್ತು. ನವೀಕರಣ ಆಗದ ಕಾರಣ ಜುಲೈನಲ್ಲಿ ಐಎಸ್‌ಎಲ್ ಋತುವನ್ನು ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಹಾಗೂ ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಕಾಲ ಸ್ಥಗಿತಗೊಳಿಸುವುದಾಗಿ ಪ್ರಕಟಿಸಿತು. ಲೀಗ್ ಪುನಃ ಆರಂಭವಾದದ್ದು 2026ರ ಫೆಬ್ರವರಿ 14ರಂದು, ಅದೂ ಮೊಟಕುಗೊಂಡ ರೂಪದಲ್ಲಿ. ಈ ನಡುವೆ ಜಮೀಲ್ ಅವರ ತಂಡ ಸೆಪ್ಟೆಂಬರ್ 8ರಂದು ಒಮಾನ್ ತಂಡವನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಮಧ್ಯ ಏಷ್ಯಾದ ನೇಷನ್ಸ್ ಕಪ್‌ನಲ್ಲಿ ಮೂರನೇ ಸ್ಥಾನ ಪಡೆಯಿತು. ಅಕ್ಟೋಬರ್‌ನಲ್ಲಿ ಸಿಂಗಪುರದ ಎದುರು ಒಂದು ಸಮ, ಗೋವಾದಲ್ಲಿ 1–2ರ ಸೋಲು. 2027ರ ಏಷ್ಯಾ ಕಪ್‌ನ ಅವಕಾಶ ಕೈತಪ್ಪಿತು. ನವೆಂಬರ್ 18ರಂದು ಢಾಕಾದಲ್ಲಿ ಬಾಂಗ್ಲಾದೇಶಕ್ಕೆ 0–1ರಿಂದ ಸೋತಾಗ, ಆ ತಂಡದ ವಿರುದ್ಧ 22 ವರ್ಷಗಳಲ್ಲಿ ಮೊದಲ ಸೋಲು ಅದಾಯಿತು. ತರಬೇತುದಾರನನ್ನು ಬದಲಿಸಬೇಕೆ ಎಂಬ ಪ್ರಶ್ನೆ ಮತ್ತೆ ಎದ್ದಿತು. ಕಚ್ಚಾ ಮಾಲೇ ಬಾರದೆ ನಿಂತ ಗಿರಣಿಯ ಉತ್ಪಾದನೆಗೆ ವ್ಯವಸ್ಥಾಪಕನನ್ನು ಹೊಣೆ ಮಾಡಿದಂಥ ಪ್ರಶ್ನೆ ಇದು.

ಹೆಲ್ಸಿಂಕಿಯಿಂದ ಮೆಲ್ಬರ್ನ್‌ಗೆ

ಭಾರತದ ಚರಿತ್ರೆಯಲ್ಲೇ ಇದಕ್ಕೆ ಬೇರೊಂದು ಮಾದರಿಯಿದೆ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತವು ಯುಗೊಸ್ಲಾವಿಯಾಕ್ಕೆ 1–10ರಿಂದ ಸೋತಿತು. ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಅಹಮದ್ ಖಾನ್. ತರಬೇತುದಾರರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ಚಳಿಯ ದೇಶದಲ್ಲಿ ನಮ್ಮ ಆಟಗಾರರಲ್ಲಿ ಹಲವರು ಬರಿಗಾಲಿನಲ್ಲಿ ಆಡಿದ್ದರು. ಸೋಲಿನ ನಂತರ ಬೂಟು ಕಡ್ಡಾಯವಾಯಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ಗೂ ರಹೀಂ ಅವರೇ ತರಬೇತುದಾರರಾಗಿದ್ದರು. ನಮ್ಮ ರಾಜ್ಯದ ಎಂ. ಕೆಂಪಯ್ಯ ಅವರೂ ಇದ್ದ ಆ ತಂಡ ನಾಲ್ಕನೇ ಸ್ಥಾನ ಗಳಿಸಿತು. 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಅವರ ತಂಡ ದಕ್ಷಿಣ ಕೊರಿಯಾವನ್ನು 2–1ರಿಂದ ಮಣಿಸಿ ಚಿನ್ನ ಗೆದ್ದಿತು.

ಹತ್ತು ಗೋಲುಗಳ ಸೋಲಿನ ನಂತರ ಬದಲಾದದ್ದು ಕಾಲಿನ ಪಾದರಕ್ಷೆ, ತರಬೇತುದಾರ ಉಳಿದರು. ಗರಡಿಮನೆಯ ಸಂಪ್ರದಾಯವೂ ಇದಕ್ಕೆ ಹತ್ತಿರದ್ದೇ. ಜಾತ್ರೆಯ ಕುಸ್ತಿಯಲ್ಲಿ ಪೈಲ್ವಾನನು ಚಿತ್ತಾದರೆ, ಎಷ್ಟು ದಿನ ತಾಲೀಮು ಮಾಡಿದ, ಖುರಾಕು ಏನಿತ್ತು ಎಂದು ಮೊದಲು ವಿಚಾರಿಸುತ್ತಾರೆ. ವಸ್ತಾದನ ಮಾತು ಬರುವುದು ಆಮೇಲೆ.

ಮೊರಬದ ಬೇಳೆ ಮಿಲ್ಲಿಗೆ ಇದೇ ಲೆಕ್ಕ

ಈ ವಿಚಾರವನ್ನು ವರ್ತಕರಿಗೆ ಪರಿಚಿತವಾದ ನೆಲಕ್ಕೆ ತರಬಹುದು. ನವಲಗುಂದ ತಾಲ್ಲೂಕಿನ ಮೊರಬ ಎರೆಭೂಮಿಯ ಊರು. ಹಿಂಗಾರಿನಲ್ಲಿ ಕಡಲೆ ಬೆಳೆಯುವ ಸೀಮೆ. ಅಲ್ಲಿ ಒಂದು ಸಣ್ಣ ಬೇಳೆ ಮಿಲ್ ಇದೆಯೆಂದೂ, ನೂರು ಕಿಲೋ ಕಡಲೆಗೆ 74 ಕಿಲೋ ಬೇಳೆ ಬರುತ್ತಿದ್ದುದು ಒಂದು ವರ್ಷ 69 ಕಿಲೋಗೆ ಇಳಿಯಿತೆಂದೂ ಭಾವಿಸಬಹುದು. ಮಾಲೀಕನು ವ್ಯವಸ್ಥಾಪಕನನ್ನು ತೆಗೆದುಹಾಕುತ್ತಾನೆ. ಮುಂದಿನ ವರ್ಷ ಮತ್ತೆ 74 ಕಿಲೋ ಬರುತ್ತದೆ. ಹೊಸಬನು ಸಮರ್ಥನೆಂದು ಮಾಲೀಕನಿಗೆ ಸಮಾಧಾನವಾಗುತ್ತದೆ. ಆದರೆ ಮೊದಲ ವರ್ಷ ಕಟಾವಿನ ಹೊತ್ತಿಗೆ ಅಕಾಲಿಕ ಮಳೆ ಬಿದ್ದು ಕಾಳು ನೆಂದಿದ್ದರೆ? ಜರಡಿ ಸವೆದದ್ದನ್ನು ವ್ಯವಸ್ಥಾಪಕನು ತಿಳಿಸಿದ್ದರೂ ಹೊಸದು ತರಿಸದೆ ಇದ್ದಿದ್ದರೆ? ಆಗ ಆ ಐದು ಕಿಲೋ ಯಾರ ಖಾತೆಗೆ ಸೇರಬೇಕು?

ತೆಗೆದುಹಾಕಿದ್ದರ ಖರ್ಚು ಸಂಬಳದ ಪುಸ್ತಕದಲ್ಲಿ ಪೂರ್ತಿಯಾಗಿ ಕಾಣುವುದಿಲ್ಲ. ಯಾವ ಊರಿನ ಯಾವ ರೈತನ ಮಾಲು ಒಣಗಿರುತ್ತದೆ, ಯಾರ ಉದ್ರಿ ಎಷ್ಟು ದಿನಕ್ಕೆ ವಸೂಲಾಗುತ್ತದೆ, ಯಾವ ಯಂತ್ರ ಯಾವಾಗ ಕೈಕೊಡುತ್ತದೆ ಎಂಬ ತಿಳಿವಳಿಕೆ ಹಳೆಯ ವ್ಯವಸ್ಥಾಪಕನೊಂದಿಗೇ ಹೊರಟುಹೋಗುತ್ತದೆ. ಅದೇ ಊರಿನಲ್ಲಿ ಬಾಳಬೇಕಾದ ಒಬ್ಬನ ಜೀವನೋಪಾಯವೂ ಹೆಸರೂ ಈ ನಿರ್ಧಾರದಲ್ಲಿ ಅಡಗಿವೆ.

ಉದ್ದಿಮೆದಾರರು ಪಾಲಿಸಬಹುದಾದ ಕ್ರಮಗಳು

1. ನೇಮಕದ ದಿನವೇ ಗುರಿಯನ್ನು ಬರವಣಿಗೆಯಲ್ಲಿ ಇಡಬೇಕು. ವ್ಯವಸ್ಥಾಪಕನ ಕೈಯಲ್ಲಿರುವ ಅಂಶಗಳನ್ನು (ಪೋಲು, ಯಂತ್ರದ ನಿಲುಗಡೆ, ವಸೂಲಿ) ಆತನ ಕೈಯಲ್ಲಿ ಇಲ್ಲದ ಅಂಶಗಳಿಂದ (ಮಳೆ, ಧಾರಣೆ, ವಿದ್ಯುತ್) ಬೇರ್ಪಡಿಸಬೇಕು.

2. ಮುಕ್ತಾಯದ ಷರತ್ತು ಸ್ಪಷ್ಟವಿರಬೇಕು. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮದ 39ನೇ ಪ್ರಕರಣದಂತೆ ಆರು ತಿಂಗಳು ಸತತ ಸೇವೆ ಸಲ್ಲಿಸಿದ ನೌಕರನನ್ನು ಸಮಂಜಸ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದಕ್ಕೆ ಬದಲು ವೇತನವಿಲ್ಲದೆ ತೆಗೆಯುವಂತಿಲ್ಲ. ಆಡಳಿತದ ಹುದ್ದೆಯಲ್ಲಿ ಇರುವವರು ಈ ಅಧಿನಿಯಮದ ಹೊರಗೆ ಉಳಿಯುವುದರಿಂದ ಅವರ ವಿಷಯದಲ್ಲಿ ಕರಾರಿನ ಮಾತೇ ಮುಖ್ಯವಾಗುತ್ತದೆ. ಕರಾರು ಮುರಿದಾಗ ಕೊಡಬೇಕಾದ ಮೊತ್ತವನ್ನು ಮೊದಲೇ ನಮೂದಿಸಿದ್ದರೆ, 1872ರ ಭಾರತೀಯ ಕರಾರು ಅಧಿನಿಯಮದ 74ನೇ ಪ್ರಕರಣದ ಮೇರೆಗೆ ಆ ಮೊತ್ತವನ್ನು ಮೀರದಂತೆ ಸಮಂಜಸ ಪರಿಹಾರ ದೊರೆಯುತ್ತದೆ.

3. ಲಾಭದ ವರ್ಷದ ಸಂತೋಷದಲ್ಲಿ ದೀರ್ಘಾವಧಿಯ ನವೀಕರಣ ಮಾಡಬಾರದು. ಮುಂದಿನ ಹಂಗಾಮಿನ ಫಲಿತಾಂಶ ಹತ್ತಿರದಲ್ಲಿ ಇದ್ದರೆ ಅದುವರೆಗೆ ಕಾಯುವುದರಿಂದ ನಷ್ಟವಿಲ್ಲ.

4. ಒಬ್ಬನಿಗೆ ಎರಡು ಸಂಸ್ಥೆಗಳ ಹೊಣೆ ಒಪ್ಪಿಸುವಾಗ ಎಚ್ಚರ ಬೇಕು. ಮಾರ್ಕ್ವೆಜ್ ಅವರು 2024–25ರಲ್ಲಿ ಎಫ್‌ಸಿ ಗೋವಾ ತಂಡವನ್ನೂ ರಾಷ್ಟ್ರೀಯ ತಂಡವನ್ನೂ ಏಕಕಾಲಕ್ಕೆ ನೋಡಿಕೊಂಡರು. ರಾಷ್ಟ್ರೀಯ ತಂಡದ ಫಲಿತಾಂಶ ಮೇಲೆ ಕಂಡಂತೆಯೇ ಇದೆ. ಎರಡೂ ಕಡೆಗೆ ಆರ್ಥಿಕ ಹೊರೆಯಿಲ್ಲದೆ, ಪರಸ್ಪರ ಒಪ್ಪಿಗೆಯಿಂದ ಅವರು ಬಿಡುಗಡೆಯಾದದ್ದು ಮಾತ್ರ ಅನುಕರಣೀಯ.

5. ಬದಲಾವಣೆ ಅನಿವಾರ್ಯವಾದಾಗ ಹಸ್ತಾಂತರಕ್ಕೆ ಸಮಯ ಕೊಡಬೇಕು. ಬಾಕಿ ಉದ್ರಿ, ದಾಸ್ತಾನು, ಯಂತ್ರಗಳ ಸ್ಥಿತಿಯ ಪಟ್ಟಿಗೆ ಇಬ್ಬರ ಸಹಿಯೂ ಬೀಳಬೇಕು. ಪರಿಹಾರದ ವಿವಾದ ಬಾಕಿ ಇದ್ದಲ್ಲಿ ಅದನ್ನು ಆ ವರ್ಷದ ಲೆಕ್ಕಪತ್ರದಲ್ಲೇ ತೋರಿಸಬೇಕು.

ತೀರ್ಮಾನ

ಈ ಕ್ರಮಗಳ ಬೆಳಕಿನಲ್ಲಿ ನೋಡಿದರೆ ಮೂರು ಪ್ರಕರಣಗಳಿಗೂ ಉತ್ತರ ಒಂದೇ ಆಗಿರುವುದಿಲ್ಲ. ಸ್ಟಿಮಾಚ್ ಅವರಿಗೆ ಐದು ವರ್ಷಗಳ ಕಾಲಾವಕಾಶ ದೊರೆತಿತ್ತು, ಗುರಿ ತಿಳಿದಿತ್ತು, ತಮಗಿಂತ ಬಹಳ ಕೆಳಗಿನ ತಂಡಕ್ಕೆ ಸ್ವದೇಶದಲ್ಲಿ ಸೋತದ್ದರಲ್ಲಿ ತಂಡದ ಆಯ್ಕೆ ಮತ್ತು ತಂತ್ರದ ಪಾಲು ಇದ್ದೇ ಇತ್ತು. ಅವರ ಬದಲಾವಣೆಯನ್ನು ಸಮರ್ಥಿಸಬಹುದು. ಎಂಟು ತಿಂಗಳ ಹಿಂದಿನ ವಿಸ್ತರಣೆಯನ್ನು ಸಮರ್ಥಿಸಲಾಗದು. ಮಾರ್ಕ್ವೆಜ್ ಅವರ ವಿಷಯದಲ್ಲಿ ನೇಮಕದ ರೀತಿಯೇ ಪ್ರಶ್ನಾರ್ಹವಾಗಿತ್ತು. ಜಮೀಲ್ ಅವರನ್ನು ಲೀಗ್ ನಡೆಯದ ತಿಂಗಳುಗಳ ಫಲಿತಾಂಶದಿಂದ ಅಳೆದು ತೆಗೆದುಹಾಕುವುದು ನ್ಯಾಯವೂ ಅಲ್ಲ, ಲಾಭದಾಯಕವೂ ಅಲ್ಲ. ಲೀಗ್ ಒಂದು ಪೂರ್ಣ ಋತು ನಡೆದು, ಆಟಗಾರರನ್ನು ಆರಿಸುವ ಹಾಗೂ ಪಳಗಿಸುವ ಅವಕಾಶ ದೊರೆತ ನಂತರವೇ ಅಂಥ ಅಳತೆಗೆ ಅರ್ಥ ಬರುತ್ತದೆ.

ಹೊಸ ಆರ್ಥಿಕ ವರ್ಷದ ಖಾತೆಗಳನ್ನು ತೆರೆಯುವಾಗ ಪ್ರತಿಯೊಬ್ಬ ಉದ್ದಿಮೆದಾರನೂ ತನ್ನ ವ್ಯವಸ್ಥಾಪಕನೊಂದಿಗೆ ಮಾಡಿಕೊಂಡ ಕರಾರನ್ನು ಒಮ್ಮೆ ತೆಗೆದು ಓದುವುದು ಒಳಿತು. ಕರಾರೇ ಬರವಣಿಗೆಯಲ್ಲಿ ಇಲ್ಲದಿದ್ದರೆ, ಸಂಬಂಧ ಚೆನ್ನಾಗಿರುವಾಗಲೇ ಇಬ್ಬರೂ ಕುಳಿತು ಅದನ್ನು ಬರೆದಿಡಬೇಕು. ಮನಸ್ತಾಪ ಬಂದ ಮೇಲೆ ಬರೆಯಲು ಕುಳಿತರೆ ತಗಲುವ ಖರ್ಚು ಎಷ್ಟೆಂಬುದಕ್ಕೆ 2.60 ಕೋಟಿ ರೂಪಾಯಿಯ ಮೇಲಿನ ಲೆಕ್ಕವೇ ಸಾಕ್ಷಿ.